ಹೊಸ ಪೇಂಟಿನ ಹಳೇ ಫಿಯಟ್: ದುಡ್ಡು ಕೊಡುವ ಮುಂಚೆ ತಗಡು ನೋಡಿ, ಕಾಗದ ನೋಡಿ

ಪ್ರಶ್ನೆ: ನನಗೀಗ 58 ವರ್ಷ. ಊರು ಶಿವಮೊಗ್ಗ. ಚಿಕ್ಕಂದಿನಲ್ಲಿ ನಮ್ಮ ಬೀದಿಯ ಡಾಕ್ಟರ ಮನೆ ಮುಂದೆ ಒಂದು ಬಿಳಿ ಫಿಯಟ್ ನಿಂತಿರುತ್ತಿತ್ತು. ಒಂದು ರಾತ್ರಿ ನನಗೆ ಜ್ವರ ಏರಿದಾಗ ಅದೇ ಕಾರಿನಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಅವತ್ತಿನಿಂದ ಅಂಥದ್ದೊಂದು ಕಾರು ನನ್ನದಾಗಬೇಕು ಅಂತ ಆಸೆ. ಮಕ್ಕಳ ಓದು, ಮನೆ ಸಾಲ ಎಲ್ಲ ಮುಗಿದು ಈಗ ಇದಕ್ಕೇ ಅಂತ ನಾಲ್ಕು ಲಕ್ಷ ರೂಪಾಯಿ ಎತ್ತಿಟ್ಟಿದ್ದೇನೆ. ಮಂಗಳೂರಿನ ಕಡೆ 1978ರ ಪ್ರೀಮಿಯರ್ ಪದ್ಮಿನಿ (ಅದೇ ಹಳೇ ಫಿಯಟ್) ಒಂದು ಮಾರಾಟಕ್ಕಿದೆ. ಹೊಸ ಪೇಂಟ್, ಹೊಸ ಸೀಟು, ‘ಫುಲ್ ರಿಸ್ಟೋರ್ ಆಗಿದೆ’ ಅನ್ನುತ್ತಾರೆ. ಮೂರೂವರೆ ಲಕ್ಷ ಕೇಳುತ್ತಿದ್ದಾರೆ. ಆರ್‌ಸಿ ಮಾರುವವರ ತೀರಿಹೋದ ತಂದೆಯ ಹೆಸರಲ್ಲೇ ಇದೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) 2018ಕ್ಕೇ ಮುಗಿದಿದೆ. ಮಗ, ‘15 ವರ್ಷ ದಾಟಿದ ಕಾರೆಲ್ಲ ಗುಜರಿಗೆ ಹೋಗುತ್ತೆ, 50 ವರ್ಷ ಆಗಿ ವಿಂಟೇಜ್ ಆದರೆ ಮಾತ್ರ ಉಳಿಯುತ್ತೆ’ ಅನ್ನುತ್ತಾನೆ. ಪರಿಚಯದ ಮೆಕ್ಯಾನಿಕ್, ‘ಈಗಿನ ಪೆಟ್ರೋಲಿಗೆ ಹಳೇ ಎಂಜಿನ್ ತಡೆಯಲ್ಲ, ಮಾರುತಿ ಎಂಜಿನ್ ಕೂರಿಸಿಬಿಡೋಣ’ ಅನ್ನುತ್ತಾರೆ. ನನ್ನ ಹೆಂಡತಿ ಬೇಡ ಅಂದಿಲ್ಲ, ಆದರೆ ‘ದಾರಿಯಲ್ಲಿ ನಿಂತುಹೋದರೆ ನಾನು ಬಸ್ಸಿಗೆ ಬರ್ತೀನಿ’ ಅಂದಿದ್ದಾಳೆ. ವಾರಕ್ಕೊಮ್ಮೆ ತೀರ್ಥಹಳ್ಳಿಯ ತಂಗಿ ಮನೆಗೆ ಹೋಗಿಬರುವ ಆಸೆ. ತಗೊಳ್ಳಲಾ ಸರ್?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಫಿಯಟ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಈ ಫಿಯಟ್ಟನ್ನು ಈ ಬೆಲೆಗೆ, ಈಗಿರುವ ಕಾಗದಪತ್ರದ ಮೇಲೆ ತಗೋಬೇಡಿ. ಟೋಕನ್ ಅಡ್ವಾನ್ಸ್ ಅಂತ ಐದು ಸಾವಿರ ಕೇಳಿದರೂ ಈಗಲೇ ಕಳಿಸಬೇಡಿ.

ನಾನು ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದು 1992ರಲ್ಲಿ. ಇವತ್ತಿಗೂ ನನ್ನ ಹತ್ತಿರ ಬರುವ ಗಾಡಿಗಳಲ್ಲಿ ಜಾಸ್ತಿ ಹಳೇ ಫಿಯಟ್‌ಗಳು, ಅಂಬಾಸಡರ್‌ಗಳು. ನಿಮ್ಮ ಹಾಗೆ ವರ್ಷಾನುಗಟ್ಟಲೆ ಆಸೆ ಇಟ್ಟುಕೊಂಡು ಕೊನೆಗೂ ಕಾರು ತಗೊಂಡವರು ಬಹಳ ಜನ ಬಂದಿದ್ದಾರೆ. ಹತ್ತು ವರ್ಷದಿಂದ ಖುಷಿಯಾಗಿ ಓಡಿಸುತ್ತಿರುವವರು ಇದ್ದಾರೆ. ಎರಡೇ ವರ್ಷಕ್ಕೆ ಬೇಸತ್ತು ಅರ್ಧ ಬೆಲೆಗೆ ಮಾರಿದವರೂ ಇದ್ದಾರೆ. ಕೊಳ್ಳುವ ದಿನ ಏನನ್ನು ನೋಡಿ ಕೊಂಡರು ಅನ್ನುವುದರಲ್ಲೇ ಇದು ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ. ನಾನು ಮೊದಲು ನೋಡೋದು ಎರಡೇ. ತಗಡು, ಕಾಗದ. ಎಂಜಿನ್, ಗೇರ್‌ಬಾಕ್ಸ್, ವೈರಿಂಗ್, ಸೀಟು ಎಲ್ಲ ಆಮೇಲೆ. ಅವು ಎಷ್ಟೇ ಕೆಟ್ಟಿದ್ದರೂ ದುಡ್ಡು ಹಾಕಿದರೆ ಸರಿಹೋಗುತ್ತವೆ. ತುಕ್ಕು ತಿಂದ ಬಾಡಿ ಮತ್ತು ಗೋಜಲಾದ ಆರ್‌ಸಿ, ಇವೆರಡು ದುಡ್ಡು ಹಾಕಿದರೂ ಸುಲಭಕ್ಕೆ ಸರಿಹೋಗಲ್ಲ.

ಮೊದಲು ಮಗನ ಮಾತು. ಅವರು ಮೂರು ಬೇರೆ ಬೇರೆ ಸುದ್ದಿಗಳನ್ನು ಸೇರಿಸಿ ಒಂದು ಮಾಡಿಕೊಂಡಿದ್ದಾರೆ. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಹಾಗೇ ಅಂದುಕೊಂಡಿರುತ್ತಾರೆ. 15 ವರ್ಷ ಆದ ಪೆಟ್ರೋಲ್ ಗಾಡಿ, 10 ವರ್ಷ ಆದ ಡೀಸೆಲ್ ಗಾಡಿ ಓಡಿಸಬಾರದು ಅನ್ನುವುದು ದಿಲ್ಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಆದ ಆದೇಶ. 2015ರಲ್ಲಿ ಹಸಿರು ನ್ಯಾಯಮಂಡಳಿ ಕೊಟ್ಟಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕರ್ನಾಟಕಕ್ಕೆ ಅದು ಅನ್ವಯಿಸಲ್ಲ. ಮುಂಬೈನ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿದವಲ್ಲ, ಅದು ಅಲ್ಲಿನ ಟ್ಯಾಕ್ಸಿಗಳಿಗೆ ಹಾಕಿರುವ 20 ವರ್ಷದ ಮಿತಿ. ಸ್ವಂತ ಕಾರಿಗೆ ಅದಿಲ್ಲ. ಇನ್ನು 2021ರ ಗುಜರಿ ನೀತಿ. ಖಾಸಗಿ ಕಾರಿನ ಮಟ್ಟಿಗೆ ಅದರಲ್ಲಿ ವಯಸ್ಸು ನೋಡಿ ಗಾಡಿ ಎತ್ತಿಕೊಂಡು ಹೋಗುವ ಮಾತಿಲ್ಲ, ಫಿಟ್‌ನೆಸ್ ಪಾಸಾಗಬೇಕು ಅಷ್ಟೇ. ನಮ್ಮಲ್ಲಿ ಕಾರಿನ ರಿಜಿಸ್ಟ್ರೇಶನ್ ಮೊದಲು 15 ವರ್ಷಕ್ಕೆ ಇರುತ್ತದೆ. ಆಮೇಲೆ ಗಾಡಿ ತೋರಿಸಿ ಪಾಸು ಮಾಡಿಸಿದರೆ ಐದೈದು ವರ್ಷಕ್ಕೆ ನವೀಕರಣ ಆಗುತ್ತದೆ. ಇಷ್ಟೇ ಸಲ ಅಂತ ಮಿತಿ ಇಲ್ಲ.

ವಿಂಟೇಜ್ ವಿಷಯವೂ ಬಹಳ ಜನರನ್ನು ದಾರಿ ತಪ್ಪಿಸಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮ ಮಾಡಿತು. ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿರಬೇಕು, ಬಾಡಿ, ಚಾಸಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ವಿಂಟೇಜ್ ಅಂತ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷಕ್ಕೆ ಊರ್ಜಿತ. ನೀವು ನೋಡಿರುವ ಕಾರಿಗೆ 50 ತುಂಬೋದೇ 2028ರಲ್ಲಿ. ತುಂಬಿದ ಮೇಲೂ ಇದರಿಂದ ನಿಮಗೆ ಲಾಭ ಇಲ್ಲ. ಯಾಕೆಂದರೆ ವಿಂಟೇಜ್ ಅಂತ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಂಥದ್ದಕ್ಕೆ ಮಾತ್ರ. ತಂಗಿ ಮನೆಗೆ ಹೋಗಿಬರೋದು ಅದರಲ್ಲಿ ಸೇರಲ್ಲ ಅಲ್ವಾ? ಮಾಮೂಲಿ ರಿಜಿಸ್ಟ್ರೇಶನ್ನನ್ನೇ ಜೀವಂತ ಇಟ್ಟುಕೊಳ್ಳುವುದು ನಿಮ್ಮಂಥವರಿಗೆ ಒಳ್ಳೆಯದು.

ಈಗ ಕಾಗದಕ್ಕೆ ಬರೋಣ. ಎಫ್‌ಸಿ 2018ಕ್ಕೆ ಮುಗಿದಿದೆ ಅಂದಿದ್ದೀರಿ. ಅಂದರೆ 2013ರಲ್ಲಿ ಒಮ್ಮೆ ಪಾಸಾಗಿದೆ. ಇದು ಒಳ್ಳೆಯ ಸೂಚನೆ. ಆ ಹಿರಿಯರು ಬದುಕಿರುವವರೆಗೆ ಗಾಡಿಯನ್ನು ಸರಿಯಾಗಿ ನೋಡಿಕೊಂಡಿದ್ದಾರೆ, ದಾಖಲೆ ಕಂಪ್ಯೂಟರಿಗೆ ಏರಿರುವ ಸಾಧ್ಯತೆಯೂ ಜಾಸ್ತಿ. ಹಳೇ ಗಾಡಿಗಳಲ್ಲಿ ಎಷ್ಟೋ ಇವತ್ತಿಗೂ ಆರ್‌ಟಿಒದ ಕೈಬರಹದ ರಿಜಿಸ್ಟರಿನಲ್ಲಿ ಮಾತ್ರ ಇರುತ್ತವೆ. ಅಂಥದ್ದಕ್ಕೆ ಮೊದಲು ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಮಾಡಿಸಬೇಕು, ಅದಕ್ಕೆ ಎಷ್ಟು ಓಡಾಟ ಅಂತ ಮಾಡಿಸಿದವರಿಗೇ ಗೊತ್ತು. ಎಂ-ಪರಿವಾಹನ್ ಆ್ಯಪ್‌ನಲ್ಲಿ ಈ ಕಾರಿನ ನಂಬರ್ ಹಾಕಿ ಇವತ್ತೇ ನೋಡಿ. ಮಾಡೆಲ್, ವರ್ಷ, ಆರ್‌ಟಿಒ ಬಂದರೆ ಒಂದು ದೊಡ್ಡ ತಲೆನೋವು ತಪ್ಪಿತು.

ಮಾಲೀಕರು ತೀರಿಕೊಂಡಿರುವುದರಿಂದ ಮಾರುವವರು ನೇರವಾಗಿ ನಿಮಗೆ ಬರೆದುಕೊಡಲು ಬರಲ್ಲ. ಮೊದಲು ಕಾರು ಅವರ ಹೆಸರಿಗೆ ಬರಬೇಕು. ಅದಕ್ಕೆ ಫಾರಂ 31, ತಂದೆಯ ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಆಮೇಲೆ ಫಾರಂ 29, 30 ಮೂಲಕ ನಿಮ್ಮ ಹೆಸರಿಗೆ. ಇದರ ಜತೆ ಎಫ್‌ಸಿ ನವೀಕರಣ, ಇನ್ಶೂರೆನ್ಸ್, ಹೊಗೆ ತಪಾಸಣೆ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್, ಹಸಿರು ತೆರಿಗೆ. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ತಡವಾದ ಪ್ರತಿ ತಿಂಗಳಿಗೂ 500 ರೂಪಾಯಿ ಸೇರುತ್ತದೆ. 2018ರಿಂದ ಬಾಕಿ ಇರುವುದರಿಂದ ಒಟ್ಟು ಎಷ್ಟಾಗುತ್ತದೆ ಅಂತ ಆರ್‌ಟಿಒ ಕೌಂಟರಿನಲ್ಲೇ ಲೆಕ್ಕ ಹಾಕಿಸಿ. ಏಜೆಂಟರ ಬಾಯಿಮಾತು ನಂಬಬೇಡಿ. ಈ ಖರ್ಚೆಲ್ಲ ಮಾರುವವರದ್ದೇ.

‘ಸಹಿ ಮಾಡಿದ ಖಾಲಿ ಫಾರಂ ಕೊಡ್ತೀನಿ, ನಿಧಾನವಾಗಿ ನೀವೇ ಮಾಡಿಸ್ಕೊಳ್ಳಿ, ಇಪ್ಪತ್ತು ಸಾವಿರ ಬಿಟ್ಕೊಡ್ತೀನಿ’ ಅಂತ ಹೇಳಬಹುದು. ಒಪ್ಪಬೇಡಿ. ನಮ್ಮ ಗ್ಯಾರೇಜಿನ ಹಿಂದೆ ಒಂದು ಕಂದು ಬಣ್ಣದ ಫಿಯಟ್ ಮೂರು ವರ್ಷ ಟಾರ್ಪಾಲಿನಡಿ ನಿಂತಿತ್ತು. ಕೊಂಡವರು ಪೂರ್ತಿ ದುಡ್ಡು ಕೊಟ್ಟಿದ್ದರು, ಎಂಜಿನ್ ಕೆಲಸ ನಾನೇ ಮುಗಿಸಿದ್ದೆ. ಆದರೆ ಮಾರಿದವರ ತಂಗಿ ಸಹಿ ಹಾಕಲಿಲ್ಲ. ಅವರಿಗೆ ಅಣ್ಣನ ಮೇಲೆ ಆಸ್ತಿ ವಿಚಾರದಲ್ಲಿ ಸಿಟ್ಟು, ಕಾರು ಮಧ್ಯೆ ಸಿಕ್ಕಿಹಾಕಿಕೊಂಡಿತು. ಪಾಪ, ಕೊಂಡವರು ಪ್ರತಿ ಭಾನುವಾರ ಬಂದು ಗಾಡಿ ಸ್ಟಾರ್ಟ್ ಮಾಡಿ, ಐದು ನಿಮಿಷ ಒಳಗೆ ಕೂತು, ಆಫ್ ಮಾಡಿ ಹೋಗುತ್ತಿದ್ದರು.

ಇನ್ನೊಂದು ಸಣ್ಣ ಕೆಲಸ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲೆ ಓದಿ ಆರ್‌ಸಿಗೆ ಹೋಲಿಸಿ. ಇಷ್ಟು ವರ್ಷದಲ್ಲಿ ಎಂಜಿನ್ ಬದಲಾಗಿ ಆರ್‌ಸಿಯಲ್ಲಿ ಹಳೇ ನಂಬರೇ ಉಳಿದಿರೋದು ಸಾಮಾನ್ಯ. ಅದನ್ನು ಸರಿಮಾಡಿಸಬಹುದು. ಚಾಸಿ ನಂಬರ್ ಅಳಿಸಿದ್ದರೆ, ತೀಡಿದ ಹಾಗೆ ಕಂಡರೆ ಮಾತ್ರ ಒಂದು ಕಾಫಿ ಕುಡಿದು ವಾಪಸ್ ಬಂದುಬಿಡಿ.

ಈಗ ತಗಡು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ನಾಲ್ಕು ಲಕ್ಷ ಉಳಿಯೋದೂ ಕರಗೋದೂ ಇಲ್ಲೇ.

ಪದ್ಮಿನಿ ಮೂಲತಃ ಇಟಲಿಯ ಫಿಯಟ್ 1100. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ತಯಾರಿಸುತ್ತಿದ್ದರು. ಫಿಯಟ್ 1100 ಡಿಲೈಟ್ ಅಂತ ಬಂದದ್ದು ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1970ರ ದಶಕದಲ್ಲಿ ಪದ್ಮಿನಿ ಆಯಿತು. ನಮ್ಮ ಜನರ ಬಾಯಲ್ಲಿ ಕೊನೆವರೆಗೂ ಫಿಯಟ್ಟೇ. ಜೀಪು, ಲಾರಿಗಳಿಗೆ ಇರುವ ಹಾಗೆ ಈ ಕಾರಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಕಾಲಡಿಯ ತಗಡು, ಬಾಗಿಲ ಕೆಳಗಿನ ಪಟ್ಟಿ, ಕಂಬಗಳು, ಇವೇ ಸೇರಿ ಎಂಜಿನ್ನಿನ ಭಾರ, ಚಕ್ರದ ಹೊಡೆತ, ಜನರ ಭಾರ ಎಲ್ಲ ಹೊರುತ್ತವೆ. ಹಾಗಾಗಿ ಬಾಗಿಲ ಕೆಳಗಿನ ತಗಡು ತುಕ್ಕು ಹಿಡಿದರೆ ಅಂದ ಕೆಟ್ಟಿತು ಅಂತ ಮಾತ್ರ ಅಂದುಕೊಳ್ಳಬೇಡಿ. ಮನೆಯ ತೊಲೆಗೆ ಗೆದ್ದಲು ಹತ್ತಿದ ಹಾಗೆ ಅದು.

ನೀವು ನೋಡಿರುವ ಕಾರು ಕರಾವಳಿಯದು. ಉಪ್ಪುಗಾಳಿ, ನಾಲ್ಕು ತಿಂಗಳ ಜಡಿಮಳೆ, ಉಳಿದ ತಿಂಗಳು ಸೆಕೆ. ತಗಡಿಗೆ ಇದಕ್ಕಿಂತ ಕಷ್ಟದ ಜಾಗ ಇಲ್ಲ. ಅದಕ್ಕೇ ನನಗೆ ಹೊಸ ಪೇಂಟ್ ಅಂದ ತಕ್ಷಣ ಖುಷಿಗಿಂತ ಚಿಂತೆ ಜಾಸ್ತಿ ಆಗುತ್ತದೆ. ಮಾಸಿದ ಹಳೇ ಪೇಂಟಿನ ಗಾಡಿ ಏನನ್ನೂ ಮುಚ್ಚಿಡಲ್ಲ. ತುಕ್ಕು ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ. ಹೊಸ ಪೇಂಟಿನ ಕೆಳಗೆ ಏನಿದೆ ಅಂತ ಬಳಿದವರಿಗೆ ಮಾತ್ರ ಗೊತ್ತು.

ಕೆಲವು ವರ್ಷದ ಹಿಂದೆ ಒಬ್ಬರು ಕೆನೆ ಬಣ್ಣದ ಫಿಯಟ್ ತಂದರು. ಹೊಸದಾಗಿ ಕೊಂಡದ್ದು, ಕನ್ನಡಿ ಹಾಗೆ ಹೊಳೆಯುತ್ತಿತ್ತು. ಡ್ರೈವರ್ ಬಾಗಿಲು ಸ್ವಲ್ಪ ಜೋತುಬಿದ್ದಿದೆ, ಕೀಲು ಟೈಟ್ ಮಾಡಿಕೊಡಿ ಅಂದರು. ಬಾಗಿಲು ತೆಗೆದು ಕೆಳಗಿನ ಪಟ್ಟಿಯನ್ನು ಬೆರಳ ಗೆಣ್ಣಿನಿಂದ ಬಡಿದೆ. ತಗಡಿನ ಟಣ್ ಸದ್ದು ಬರಲಿಲ್ಲ, ಗೋಡೆ ಬಡಿದ ಹಾಗೆ ಮೊದ್ದು ಸದ್ದು. ಅವರನ್ನು ಕೇಳಿಯೇ ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ. ಹಿಡಿವರೆಗೂ ಒಳಗೆ ಹೋಯಿತು. ಎಬ್ಬಿದಾಗ ಒಂದು ಅಂಗುಲ ದಪ್ಪದ ಪುಟ್ಟಿ (ಪೇಂಟಿಗೆ ಮುಂಚೆ ತಗ್ಗು ತುಂಬಲು ಮೆತ್ತುವ ಪೇಸ್ಟು) ಹಲಗೆಯ ಹಾಗೆ ಕಳಚಿ ಬಂತು. ಅದರ ಹಿಂದೆ ಸೊಳ್ಳೆ ಜಾಲರಿ, ಜಾಲರಿ ಹಿಂದೆ ಮಡಚಿ ತುರುಕಿದ ಕನ್ನಡ ಪೇಪರು. ಸಿನಿಮಾ ಜಾಹೀರಾತು ಇನ್ನೂ ಓದುವ ಹಾಗಿತ್ತು. ತಗಡು ಅನ್ನೋದು ಅಲ್ಲಿ ಇರಲೇ ಇಲ್ಲ. ಕಾರಿಗೆ ಕೊಟ್ಟಷ್ಟೇ ದುಡ್ಡನ್ನು ಅವರು ಆಮೇಲೆ ಟಿಂಕರಿಂಗಿಗೆ ಕೊಡಬೇಕಾಯಿತು. ಪೇಂಟ್ ಮಾಡಿದವರು ಯಾರು ಅಂತ ಹುಡುಕಿ ಏನೂ ಪ್ರಯೋಜನ ಆಗಲಿಲ್ಲ.

ಹಾಗಾಗಿ ನೋಡಲು ಹೋಗುವಾಗ ಟಾರ್ಚು, ಸಣ್ಣ ಅಯಸ್ಕಾಂತ, ನೆಲಕ್ಕೆ ಹಾಸಲು ಹಳೇ ಬೆಡ್‌ಶೀಟು ತಗೊಂಡು ಹೋಗಿ. ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ, ಪೇಂಟಿಗೆ ಗೀರು ಬೀಳಬಾರದು. ಬಾಗಿಲುಗಳ ಕೆಳಭಾಗ, ಚಕ್ರದ ಕಮಾನಿನ ಅಂಚು, ಹೆಡ್‌ಲೈಟಿನ ಸುತ್ತ, ಬಾಗಿಲ ಕೆಳಗಿನ ಪಟ್ಟಿ, ಇಲ್ಲೆಲ್ಲ ನಿಧಾನವಾಗಿ ಆಡಿಸಿ. ತಗಡಿದ್ದರೆ ಹಿಡಿಯುತ್ತದೆ, ಪುಟ್ಟಿಯಿದ್ದರೆ ಜಾರುತ್ತದೆ. ಅಲ್ಲೊಂದು ಇಲ್ಲೊಂದು ಕಡೆ ಜಾರಿದರೆ ಪರವಾಗಿಲ್ಲ, 47 ವರ್ಷ ದಾಟಿದ ಗಾಡಿ. ಕೆಳಗಿನ ಒಂದು ಗೇಣು ಉದ್ದಕ್ಕೂ ಜಾರಿದರೆ ಅದು ಪುಟ್ಟಿಯ ಕಾರು. ಆಮೇಲೆ ಮ್ಯಾಟ್ ಎತ್ತಿಸಿ, ಕಾಲಡಿ ತಗಡು ನೋಡಿ. ಬ್ಯಾಟರಿ ಕೂರುವ ಜಾಗ ನೋಡಿ, ಆ್ಯಸಿಡ್ ಬಿದ್ದು ತೂತಾಗಿರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗೆ ನೋಡಿ. ಗಾಡಿಯ ತಳಕ್ಕೆ ಹೊಸದಾಗಿ ದಪ್ಪ ಕಪ್ಪು ಕೋಟಿಂಗ್ ಬಳಿದಿದ್ದರೆ ಮಾರುವ ಮುಂಚೆ ಬಳಿದದ್ದೇ ಅಂತ ತಿಳಿಯಿರಿ.

ಕೊನೆಗೆ ನನ್ನ ನೆಚ್ಚಿನ ಪರೀಕ್ಷೆ. ಒಂದು ಬದಿಗೆ ಜಾಕ್ ಹಾಕಿ, ಗಾಡಿಯನ್ನು ಚಕ್ರ ನೆಲ ಬಿಡುವಷ್ಟು ಎತ್ತಿಸಿ. ಈಗ ಆ ಬದಿಯ ಬಾಗಿಲುಗಳನ್ನು ತೆರೆದು ಮುಚ್ಚಿ ನೋಡಿ. ಮುಂಚಿನ ಹಾಗೇ ಸಲೀಸಾಗಿ ಕೂತರೆ ಬಾಡಿ ಗಟ್ಟಿಯಿದೆ. ಉಜ್ಜಿದರೆ, ಸಂದು ಕಿರಿದಾದರೆ, ಬಾಡಿ ಬಾಗುತ್ತಿದೆ ಅಂತ ಅರ್ಥ. ಜಾಕ್ ಹಾಕಿದ ಜಾಗದಲ್ಲಿ ಕರಕರ ಸದ್ದು ಬಂದರೆ ತಕ್ಷಣ ಇಳಿಸಿಬಿಡಿ. ಜಾಕಿನ ಮೇಲೆ ಇರುವಾಗ ಯಾವ ಕಾರಣಕ್ಕೂ ಅಡಿಗೆ ತೂರಬೇಡಿ.

ಪ್ರಾಮಾಣಿಕವಾಗಿ ಕೆಲಸ ಮಾಡಿಸಿದವರ ಹತ್ತಿರ ಫೋಟೋ ಇದ್ದೇ ಇರುತ್ತದೆ. ಪೇಂಟ್ ಪೂರ್ತಿ ಕಿತ್ತು ಬರೀ ತಗಡು ಕಾಣುವಾಗ, ಹೊಸ ಪ್ಲೇಟ್ ವೆಲ್ಡಿಂಗ್ ಮಾಡುವಾಗ ತೆಗೆದದ್ದು. ಕೇಳಿ. ಇದ್ದರೆ ಮೂರೂವರೆ ಲಕ್ಷ ಕೇಳಲು ಅವರಿಗೆ ಒಂದು ಕಾರಣ ಇದೆ. ಇಲ್ಲದಿದ್ದರೆ ‘ಫುಲ್ ರಿಸ್ಟೋರ್’ ಅನ್ನುವ ಮಾತಿಗೆ ನಾನು ಬೆಲೆ ಕಟ್ಟಲ್ಲ.

ಎಂಜಿನ್ ಬಗ್ಗೆ ನಿಮಗೆ ಇರುವಷ್ಟು ಭಯ ನನಗಿಲ್ಲ. 1089 ಸಿಸಿಯ ನಾಲ್ಕು ಸಿಲಿಂಡರಿನ ಸರಳ ಎಂಜಿನ್. ಬ್ಲಾಕು ಎರಕದ ಕಬ್ಬಿಣ, ಹೆಡ್ಡು ಅಲ್ಯೂಮಿನಿಯಂ. ಹೀಟ್ ಆದಾಗ ನಿಲ್ಲಿಸದೆ ಓಡಿಸಿದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ನೀರು ಆಯಿಲ್‌ಗೆ ಸೇರುತ್ತದೆ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನೋಡಿ. ಒಳಗೆ ಕಾಫಿಯ ನೊರೆಯಂಥದ್ದು ಮೆತ್ತಿಕೊಂಡಿದ್ದರೆ ಅದೇ ಕಾಯಿಲೆ ಇರಬಹುದು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ರಿಂಗು, ವಾಲ್ವ್ ಕೆಲಸ. ಇವೆಲ್ಲ ಮಾಡಿಸಬಹುದಾದ ಕೆಲಸಗಳು, ಬೆಲೆ ಇಳಿಸಲು ಕಾರಣ ಅಷ್ಟೇ.

ಪೆಟ್ರೋಲಿನ ವಿಷಯದಲ್ಲಿ ಮೆಕ್ಯಾನಿಕ್ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ಗೆ ಮೂರು ಗುಣ ಇವೆ. ಹಳೇ ಕಾಲದ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಗಾಳಿಯಲ್ಲಿರುವ ನೀರಿನ ಪಸೆ ಎಳೆದುಕೊಳ್ಳುತ್ತದೆ, ಟ್ಯಾಂಕಿನಲ್ಲಿ ವರ್ಷಗಟ್ಟಲೆ ಕೂತಿರುವ ಕೊಳೆಯನ್ನು ಎಬ್ಬಿಸಿ ಮುಂದಕ್ಕೆ ಕಳಿಸುತ್ತದೆ. ಪೆಟ್ರೋಲ್ ಪೈಪು ಹೋಗೋದು, ಪಂಪಿನ ಡಯಾಫ್ರಮ್ ಹೋಗೋದು, ಕಾರ್ಬುರೇಟರ್ ಕಟ್ಟಿಕೊಳ್ಳೋದು ಇದರಿಂದಲೇ. ಆದರೆ ಇದಕ್ಕೆ ಎಂಜಿನ್ನನ್ನೇ ಎಸೆಯುವ ಅಗತ್ಯ ಏನೂ ಇಲ್ಲ. ಟ್ಯಾಂಕ್ ಇಳಿಸಿ ತೊಳೆಸಿ. ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವ ಜಾತಿಯದ್ದಕ್ಕೆ ಬದಲಾಯಿಸಿ. ಪಂಪಿಗೂ ಕಾರ್ಬುರೇಟರಿಗೂ ಹೊಸ ಕಿಟ್ ಹಾಕಿಸಿ, ಒಳಗಿನ ಕೊಳೆ ಕಾಣುವಂಥ ಫಿಲ್ಟರ್ ಮಧ್ಯೆ ಕೂರಿಸಿ. ಎಥೆನಾಲ್‌ನಲ್ಲಿ ಕಸುವು ಕಡಿಮೆ, ಹಾಗಾಗಿ ಕಾರ್ಬುರೇಟರಿನ ಮೇನ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಒಂದು ಸೈಜ್ ದೊಡ್ಡದು ಬೇಕಾಗಬಹುದು, ಮೈಲೇಜ್ ಸ್ವಲ್ಪ ಇಳಿಯುತ್ತದೆ. ಮುಖ್ಯವಾಗಿ, ಪೆಟ್ರೋಲ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ವಾರಕ್ಕೊಮ್ಮೆ ತೀರ್ಥಹಳ್ಳಿಗೆ ಹೋಗಿಬರುವ ನಿಮ್ಮ ಯೋಚನೆ ಇದೆಯಲ್ಲ, ಹಳೇ ಕಾರಿಗೆ ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಮಾರುತಿ ಎಂಜಿನ್ ಕೂರಿಸಲು ಹೋಗಬೇಡಿ. ಆರ್‌ಸಿಯಲ್ಲಿರುವುದಕ್ಕೂ ಗಾಡಿಯಲ್ಲಿರುವುದಕ್ಕೂ ತಾಳೆಯಾಗದ ಹಾಗೆ ಬದಲಾಯಿಸೋದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ. ಎಫ್‌ಸಿಗೆ ಹೋದಾಗ ಸಿಕ್ಕಿಬೀಳುತ್ತೀರಿ. ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈಯೆತ್ತಲು ಅದೊಂದೇ ಸಾಕು. ನಾಳೆ ಮಾರಲು ಹೋದರೂ ಬೆಲೆ ಸಿಗಲ್ಲ. ಇದೆಲ್ಲ ಬಿಡಿ. ಡಾಕ್ಟರ ಫಿಯಟ್ಟಿನ ಸದ್ದು ನಿಮ್ಮ ಕಿವಿಯಲ್ಲಿ ಇನ್ನೂ ಇರಬೇಕಲ್ಲ? ಚೋಕ್ ಎಳೆದು ಸ್ಟಾರ್ಟ್ ಮಾಡಿದಾಗ ಮೊದಲು ಕೆಮ್ಮಿ, ಆಮೇಲೆ ನಿಧಾನಕ್ಕೆ ಒಂದೇ ಸಮನಾಗುವ ಸದ್ದು. ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರನ್ನು ಸೆಕೆಂಡಿನಿಂದ ಥರ್ಡಿಗೆ ಹಾಕುವಾಗ ಕೈಗೆ ಸಿಗುವ ಆ ತೂಕ. ಇಷ್ಟು ವರ್ಷ ಆಸೆಪಟ್ಟದ್ದು ಇದಕ್ಕೇ ಅಲ್ವಾ? ಅದನ್ನು ಕಿತ್ತುಹಾಕಿ ಫಿಯಟ್ ಅಂತ ಯಾಕೆ ಇಟ್ಟುಕೊಳ್ಳಬೇಕು?

ನಾನು ಯಾವತ್ತೂ ರಾಜಿ ಮಾಡಿಕೊಳ್ಳದ ಜಾಗ ಅಂದರೆ ಬ್ರೇಕು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಆ ಕಾಲದ ಗಾಡಿಯಲ್ಲಿ ಲೈನ್ ಒಂದೇ, ಎಲ್ಲಾದರೂ ಒಂದು ಕಡೆ ಸೋರಿದರೆ ಪೆಡಲ್ ಪೂರ್ತಿ ಕೆಳಗೆ ಹೋಗುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ವೀಲ್ ಸಿಲಿಂಡರ್‌ಗಳು ಒಳಗೇ ತುಕ್ಕು ಹಿಡಿದಿರುತ್ತವೆ. ಯಾವ ಫಿಯಟ್ ತಗೊಂಡರೂ ಮೊದಲ ವಾರ ಮಾಸ್ಟರ್ ಸಿಲಿಂಡರ್, ನಾಲ್ಕೂ ಕಡೆಯ ವೀಲ್ ಸಿಲಿಂಡರ್, ರಬ್ಬರ್ ಹೋಸ್, ಬ್ರೇಕ್ ಆಯಿಲ್ ಎಲ್ಲ ಹೊಸದು ಹಾಕಿಸಿ. ಟೈರ್ ನೋಡಲು ಚೆನ್ನಾಗಿದ್ದರೂ ವಯಸ್ಸಾಗಿದ್ದರೆ ಎಸೆಯಿರಿ. ಮಂಗಳೂರು ಕಡೆಯ ಗಾಡಿ ತಗೊಂಡಿರಿ ಅಂತಲೇ ಇಟ್ಟುಕೊಳ್ಳೋಣ, ಅದೇ ದಿನ ಆಗುಂಬೆ ಘಾಟಿ ಹತ್ತಿಸಿಕೊಂಡು ಬರುವ ಹುಮ್ಮಸ್ಸು ಬೇಡ. 14 ತಿರುವು, ಗೊತ್ತಿಲ್ಲದ ರೇಡಿಯೇಟರು, ಗೊತ್ತಿಲ್ಲದ ಬ್ರೇಕು. ಟೋ ಲಾರಿಯ ಮೇಲೆ ತರಿಸಿ. ಆ ಖರ್ಚನ್ನು ಕಾರಿನ ಬೆಲೆಗೇ ಸೇರಿಸಿಕೊಳ್ಳಿ.

ನಿಮ್ಮ ತೀರ್ಥಹಳ್ಳಿ ದಾರಿ ಈ ಕಾರಿಗೆ ಹೇಳಿ ಮಾಡಿಸಿದ್ದು. ಸುಮಾರು 60 ಕಿಲೋಮೀಟರು, ಗಾಜನೂರು, ಮಂಡಗದ್ದೆ ಮೇಲೆ ತುಂಗೆಯ ಪಕ್ಕದಲ್ಲೇ ಹೋಗುವ ನೆರಳಿನ ರಸ್ತೆ. 60ರ ವೇಗದಲ್ಲಿ ಹೋದರೆ ಗಾಡಿಗೂ ಸುಖ, ನಿಮಗೂ ಸುಖ. ಬೇಸಿಗೆಯಲ್ಲಿ ಮಾತ್ರ ಒಂದು ತೊಂದರೆ ಕಾಣಬಹುದು. ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುವುದರಿಂದ ಬಿಸಿಗೆ ಪೆಟ್ರೋಲ್ ಆವಿಯಾಗಿ, ಪೈಪಿನಲ್ಲಿ ಗಾಳಿ ಕಟ್ಟಿ ಗಾಡಿ ನಿಲ್ಲುತ್ತದೆ. ಎಥೆನಾಲ್ ಬಂದ ಮೇಲೆ ಇದು ಸ್ವಲ್ಪ ಜಾಸ್ತಿಯೇ ಆಗಿದೆ. ಹೆದರಬೇಡಿ. ನೆರಳಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ಹದಿನೈದು ನಿಮಿಷ ಬಿಡಿ. ಹಳೇ ಡ್ರೈವರ್‌ಗಳೆಲ್ಲ ಮಾಡುತ್ತಿದ್ದದ್ದು ಇದನ್ನೇ. ಒಂದು ಬಾಟಲಿ ನೀರು, ಒಂದು ಹತ್ತಿ ಬಟ್ಟೆ, ಫ್ಯಾನ್ ಬೆಲ್ಟ್, ಪ್ಲಗ್ಗು, ಪಾಯಿಂಟ್ ಸೆಟ್ ಗಾಡಿಯಲ್ಲೇ ಇರಲಿ. ಏರ್‌ಬ್ಯಾಗ್ ಇಲ್ಲ, ಹೆಡ್‌ರೆಸ್ಟ್ ಇಲ್ಲ ಅನ್ನೋದನ್ನು ಮರೆಯಬೇಡಿ. ಮೊಮ್ಮಕ್ಕಳನ್ನು ಹೈವೇಗೆ ಕರೆದುಕೊಂಡು ಹೋಗಲು ಮನೆಯ ಹೊಸ ಕಾರೇ ಇರಲಿ. ಮುಂದಿನ ಸೀಟಿಗಾದರೂ ಬೆಲ್ಟ್ ಕೂರಿಸಿ. ಗಟ್ಟಿ ತಗಡಿಗೆ ಬೋಲ್ಟ್ ಹಾಕಬೇಕು, ಅಲ್ಲೂ ಮತ್ತೆ ತಗಡಿನ ಮಾತೇ ಬರುತ್ತದೆ.

ಬಿಡಿಭಾಗಕ್ಕೆ ಹೆದರುವಷ್ಟಿಲ್ಲ. ಟ್ಯಾಕ್ಸಿಗಳ ದೆಸೆಯಿಂದ ಫಿಯಟ್ಟಿನ ಓಡುವ ಸಾಮಾನು ಬೇಕಾದಷ್ಟು ತಯಾರಾಗಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬ್ರೇಕ್ ಕಿಟ್, ಕ್ಲಚ್ ಪ್ಲೇಟ್, ಗ್ಯಾಸ್ಕೆಟ್ ಸೆಟ್ ಈಗಲೂ ಕೇಳಿದರೆ ಸಿಗುತ್ತವೆ. ಸಿಗದೆ ಸತಾಯಿಸೋದು ಚಂದದ ಸಾಮಾನು. ಕ್ರೋಮ್ ಬೀಡಿಂಗ್, ಗ್ರಿಲ್, ಒರಿಜಿನಲ್ ಮೀಟರ್, ಲೈಟಿನ ಗಾಜು, ಕಿಟಕಿಯ ಹಿಡಿಗಳು. ಕಾರು ನೋಡುವಾಗ ಇವೆಲ್ಲ ಪೂರ್ತಿ ಇವೆಯಾ ಅಂತ ಎಣಿಸಿ. ಎಂಜಿನ್ ಸ್ವಲ್ಪ ಹೊಗೆಯಾಡಿದರೂ ಇವೆಲ್ಲ ಇರುವ ಗಾಡಿಯೇ ವಾಸಿ.

ಹಾಗಾದರೆ ಏನು ಮಾಡಬಹುದು? ಈ ಮಂಗಳೂರು ಕಾರು ತಗಡಿನ ಪರೀಕ್ಷೆ ಪಾಸಾಗಿ, ಫೋಟೋ ತೋರಿಸಿ, ಕಾಗದವನ್ನು ಅವರೇ ಸರಿಮಾಡಿಕೊಟ್ಟರೆ ಮೂರರ ಒಳಗೆ ಮಾತಾಡಿ ತಗೊಳ್ಳಿ. ಆಗಲೂ ಒಂದು ಲಕ್ಷ ಕೈಯಲ್ಲಿ ಉಳಿದಿರಬೇಕು. ಮೊದಲ ವರ್ಷ ಬ್ರೇಕು, ಟೈರು, ಪೈಪು, ರೇಡಿಯೇಟರು ಅಂತ ಅದು ಬೇಕಾಗುತ್ತದೆ. ಅಪಾಯ ಇರೋದು ಕಣ್ಣಿಗೆ ಕಾಣದ ತುಕ್ಕಿನದ್ದು, ಎಷ್ಟೇ ನೋಡಿದರೂ ಸ್ವಲ್ಪ ಉಳಿದೇ ಉಳಿಯುತ್ತದೆ.

ನನ್ನನ್ನು ಕೇಳಿದರೆ ನಾನು ಬೇರೆ ಕಡೆ ಹುಡುಕುತ್ತೇನೆ. ಬಳ್ಳಾರಿ, ಕಲಬುರಗಿ, ವಿಜಯಪುರದಂಥ ಒಣ ಊರಿನಲ್ಲಿ, ಮನೆಯ ಶೆಡ್ಡಿನಲ್ಲಿ ನಿಂತಿರುವ, ಪೇಂಟ್ ಮಾಸಿದ, ಎಫ್‌ಸಿ ಜೀವಂತ ಇರುವ ಕಾರು. ನೋಡಲು ಮಂಕಾಗಿರುತ್ತದೆ, ಎಂಜಿನ್ ಕೆಲಸ ಇರುತ್ತದೆ. ಅಂಥದ್ದನ್ನು ಒಂದೂವರೆ ಎರಡು ಲಕ್ಷದ ಒಳಗೆ ತಗೊಂಡು, ಉಳಿದ ದುಡ್ಡಲ್ಲಿ ಒಂದೊಂದೇ ಕೆಲಸ ಮಾಡಿಸಬಹುದು. ಪೇಂಟ್ ಎಲ್ಲಕ್ಕಿಂತ ಕೊನೆಗೆ. ಇದರಲ್ಲಿ ಅಪಾಯ ಅಂದರೆ ತಾಳ್ಮೆ ತಪ್ಪೋದು. ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಕಾರು ಆರು ತಿಂಗಳು ಹಾಗೇ ಬಿದ್ದಿರುತ್ತದೆ. ಅದಕ್ಕೇ ಎಲ್ಲ ಒಟ್ಟಿಗೆ ಬಿಚ್ಚಿಸಬೇಡಿ. ಓಡುವ ಸ್ಥಿತಿಯಲ್ಲೇ ಇಟ್ಟುಕೊಂಡು ಮಾಡಿಸಿ.

ಮೂರನೆಯ ದಾರಿಯೂ ಇದೆ. ಕೊನೆಯ ವರ್ಷಗಳ ಫ್ಲೋರ್ ಗೇರಿನ ಪದ್ಮಿನಿ. ಗೇರು ಹಗುರ, ಬೆಲೆ ಕಡಿಮೆ, ವಾರಕ್ಕೊಮ್ಮೆ ಓಡಿಸಲು ಸುಲಭ. ಆದರೆ ನಿಮ್ಮ ಪತ್ರ ಓದಿದರೆ ನಿಮಗೆ ಬೇಕಾಗಿರೋದು ಡಾಕ್ಟರ ಕಾರು, ಅಂದರೆ ಹ್ಯಾಂಡ್ ಗೇರಿನದ್ದೇ ಅನ್ನಿಸುತ್ತದೆ. ಆ ಆಸೆಯನ್ನು ಅರ್ಧಕ್ಕೆ ಬಿಡಬೇಡಿ. ಕಣ್ಣಿಗೆ ಅಭ್ಯಾಸ ಆಗಬೇಕು ಅಂದರೆ ಒಮ್ಮೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೇ ಕಾರುಗಳನ್ನು ನಿಧಾನವಾಗಿ ನೋಡಿಬನ್ನಿ. ಬಾಗಿಲ ಸಂದು ಮೇಲಿನಿಂದ ಕೆಳಗಿನವರೆಗೆ ಎಷ್ಟು ಸಮನಾಗಿರುತ್ತದೆ ಅಂತ ಒಮ್ಮೆ ಸರಿಯಾಗಿ ಕಂಡುಕೊಂಡರೆ, ಸೊಟ್ಟ ಗಾಡಿ ದೂರದಿಂದಲೇ ಗೊತ್ತಾಗುತ್ತದೆ.

ಕಾರು ನೋಡಲು ಹೋಗುವಾಗ ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಸುಮ್ನೆ ಹೇಳುತ್ತಿಲ್ಲ. ಇಷ್ಟು ವರ್ಷ ಕಾದವರ ಕಣ್ಣಿಗೆ ಅವತ್ತು ತಪ್ಪು ಕಾಣಲ್ಲ, ಜತೆಗಿರುವವರಿಗೆ ಕಾಣುತ್ತದೆ. ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಒಂದು ಐದು ಕಿಲೋಮೀಟರ್ ಹೋಗಿಬನ್ನಿ. ಒಳಗೆ ಪೆಟ್ರೋಲ್ ವಾಸನೆ ಬರುತ್ತಿದೆಯಾ, ಗುಂಡಿಗೆ ಬಿದ್ದಾಗ ಎಲ್ಲಿ ಸದ್ದು ಬಂತು, ಕಾಲಡಿ ಬಿಸಿಯಾಯಿತಾ, ಇದನ್ನೆಲ್ಲ ಅವರೇ ಹೇಳುತ್ತಾರೆ.

ಅದಕ್ಕೂ ಮುಂಚೆ ಮಾರುವವರಿಗೆ ಒಂದು ಫೋನ್ ಮಾಡಿ. ಅಕ್ಕತಂಗಿ, ಅಣ್ಣತಮ್ಮ ಎಷ್ಟು ಜನ, ಎಲ್ಲರೂ ಸಹಿ ಹಾಕುತ್ತಾರಾ ಅಂತ ಕೇಳಿ. ಉತ್ತರದಲ್ಲಿ ತಡವರಿಸಿದರೆ ಅಷ್ಟು ದೂರ ಹೋಗೋದೇ ಬೇಡ. ಹೂಂ ಅಂದರೆ, ‘ಶನಿವಾರ ಬೆಳಿಗ್ಗೆ ಎಂಟಕ್ಕೆ ಬರ್ತೀವಿ, ನಾವು ಬರೋವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ’ ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ, ತಣ್ಣಗಿರಬೇಕು.